ಹೊಸ ಕ್ರೆಡಿಟ್ ಕಾರ್ಡ್ ಬಂದಿದೆ, ಲಕೋಟೆ ಒಡೆಯಲೇ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕ್ರೆಡಿಟ್ ಕಾರ್ಡ್ ಬಗ್ಗೆಯೇ ಇವೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ವಿಮೆ, ಉಳಿತಾಯದ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ಕಾಯಬೇಕು. ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಕೂತು ಜನರ ದೂರು ಕೇಳುವುದೇ ನನ್ನ ಕೆಲಸವಾಗಿತ್ತು. ಕೆಲಸ ಬಿಟ್ಟು ಕಾಲವಾಯಿತು, ದೂರುಗಳು ಮಾತ್ರ ಬದಲಾಗಿಲ್ಲ.

ಪ್ರಶ್ನೆ: ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿಲ್ಲ. ಸಂಬಳದ ಖಾತೆ ಇರುವ ಬ್ಯಾಂಕಿನಿಂದ ಕ್ರೆಡಿಟ್ ಕಾರ್ಡ್ ಬಂದಿದೆ. ಮಿತಿ 60,000 ಅಂತ ಮೆಸೇಜ್ ಇದೆ. ‘ಸಾಲದ ಕಾರ್ಡ್ ನಮಗೆ ಬೇಡ, ಕತ್ತರಿಸಿ ಬಿಸಾಕು’ ಅನ್ನುತ್ತಾರೆ ಅಪ್ಪ. ‘ಬಡ್ಡಿ ಇಲ್ಲದ ದುಡ್ಡು, ಯಾರು ಬಿಡ್ತಾರೆ’ ಅನ್ನುತ್ತಾರೆ ಗೆಳೆಯರು. ಲಕೋಟೆ ಹಾಗೇ ಇಟ್ಟಿದ್ದೇನೆ. ಎಲ್ಲಿಂದ ಶುರು ಮಾಡಲಿ ಮೇಡಂ?

ಉತ್ತರ: ಲಕೋಟೆ ಒಡೆಯುವ ಮುಂಚೆ ಅದನ್ನು ತಿರುಗಿಸಿ ನೋಡಿ. ಅಂಟು ಬಿಚ್ಚಿ ಮತ್ತೆ ಅಂಟಿಸಿದ ಹಾಗೆ ಕಂಡರೆ ಒಡೆಯಲೇಬೇಡಿ, ಬ್ಯಾಂಕಿಗೆ ಹೇಳಿ ಬೇರೆ ಕಾರ್ಡ್ ತರಿಸಿಕೊಳ್ಳಿ. ಸರಿಯಾಗಿದ್ದರೆ ಒಡೆದು, ಹೆಸರಿನ ಕಾಗುಣಿತ ಸರಿ ಇದೆಯಾ ನೋಡಿ. ಆಮೇಲೆ ಬ್ಯಾಂಕಿನ ಆಪ್‌ನಲ್ಲೋ, ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ನೀವೇ ಫೋನ್ ಮಾಡಿಯೋ ಕಾರ್ಡ್ ಚಾಲೂ ಮಾಡಿಸಿ. ಪಿನ್ ಇಡಿ. ಹುಟ್ಟಿದ ವರ್ಷ ಬೇಡ. ಕಾರ್ಡಿನ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಆ ಫೋಟೊ ಎಲ್ಲೆಲ್ಲಿ ಬ್ಯಾಕಪ್ ಆಗುತ್ತದೆ ಅಂತ ನಿಮಗೂ ಗೊತ್ತಿರುವುದಿಲ್ಲ.

ಆಪ್‌ನಲ್ಲಿ ‘ಕಾರ್ಡ್ ಕಂಟ್ರೋಲ್’ ಥರದ ಒಂದು ಜಾಗ ಇರುತ್ತದೆ. ಹೊಸ ಕಾರ್ಡ್ ಬಂದ ದಿನವೇ ಅಲ್ಲಿಗೆ ಹೋಗಿ. ಹೊರದೇಶದ ವ್ಯವಹಾರ ಸದ್ಯಕ್ಕೆ ಬೇಡವಾದರೆ ಬಂದ್ ಮಾಡಿ. ನಗದು ತೆಗೆಯುವ ಸೌಲಭ್ಯ ಬಂದ್ ಮಾಡಿ. ಆನ್‌ಲೈನ್ ಖರೀದಿಗೆ ನಿಮಗೆ ಸಾಕಾಗುವಷ್ಟೇ ಮಿತಿ ಇಡಿ. ಬೇಕಾದಾಗ ಎರಡು ನಿಮಿಷದಲ್ಲಿ ಮತ್ತೆ ತೆರೆಯಬಹುದು. ಪ್ರತಿ ಖರ್ಚಿಗೂ ಮೆಸೇಜ್ ಬರುವ ಹಾಗೆ ಮಾಡಿಕೊಳ್ಳಿ, ಸಣ್ಣ ಮೊತ್ತಕ್ಕೂ ಬರಲಿ. ಕದ್ದ ಕಾರ್ಡ್ ಕೆಲಸ ಮಾಡುತ್ತಾ ಅಂತ ಕಳ್ಳರು ಮೊದಲು ಚಿಲ್ಲರೆ ಮೊತ್ತದಲ್ಲೇ ಪರೀಕ್ಷೆ ಮಾಡುತ್ತಾರೆ.

ಇಷ್ಟು ಅರ್ಧ ಗಂಟೆಯ ಕೆಲಸ. ಅಸಲಿ ವಿಷಯ ಇರುವುದು ತಾರೀಕುಗಳಲ್ಲಿ. ಕಾರ್ಡಿಗೆ ಎರಡು ತಾರೀಕು ಇರುತ್ತವೆ: ಬಿಲ್ ತಯಾರಾಗುವ ದಿನ, ಹಣ ಕಟ್ಟಲು ಕೊನೇ ದಿನ. ನಿಮ್ಮ ಬಿಲ್ ಪ್ರತಿ ತಿಂಗಳು 10ಕ್ಕೆ ತಯಾರಾಗುತ್ತದೆ, ಕಟ್ಟಲು 30ರವರೆಗೆ ಸಮಯ ಇದೆ ಅಂತ ಇಟ್ಟುಕೊಳ್ಳಿ. ಮಾರ್ಚ್ 9ಕ್ಕೆ ಏನೋ ಕೊಂಡಿರಿ. ಅದು ಮಾರನೇ ದಿನದ ಬಿಲ್ಲಿಗೇ ಸೇರಿತು, ಮಾರ್ಚ್ 30ಕ್ಕೆ ಕಟ್ಟಬೇಕು. ನಿಮಗೆ ಸಿಕ್ಕಿದ್ದು 21 ದಿನ. ಅದೇ ವಸ್ತುವನ್ನು ಮಾರ್ಚ್ 11ಕ್ಕೆ ಕೊಂಡಿದ್ದರೆ? ಅದು ಏಪ್ರಿಲ್ 10ರ ಬಿಲ್ಲಿಗೆ ಹೋಗುತ್ತದೆ, ಏಪ್ರಿಲ್ 30ಕ್ಕೆ ಕಟ್ಟಿದರಾಯಿತು. 50 ದಿನ. ಎರಡು ದಿನ ತಡ ಮಾಡಿದ್ದಕ್ಕೆ ಒಂದು ತಿಂಗಳು ಜಾಸ್ತಿ ಸಿಕ್ಕಿತು. ನಿಮ್ಮ ಗೆಳೆಯರು ಹೇಳುವ ‘ಬಡ್ಡಿ ಇಲ್ಲದ ದುಡ್ಡು’ ಇದೇ. ಸುಳ್ಳಲ್ಲ. ಆದರೆ ಅದಕ್ಕೊಂದು ಷರತ್ತಿದೆ: ಬಿಲ್ಲಿನ ಒಟ್ಟು ಬಾಕಿಯನ್ನು, ಪೂರ್ತಿಯಾಗಿ, ಕೊನೇ ದಿನದ ಒಳಗೆ ಚುಕ್ತಾ ಮಾಡಬೇಕು. ಮಾಡದಿದ್ದರೆ ಆ 50 ದಿನವೂ ಇಲ್ಲ, 21 ದಿನವೂ ಇಲ್ಲ. ಕೊಂಡ ದಿನದಿಂದಲೇ ಬಡ್ಡಿ ಲೆಕ್ಕಕ್ಕೆ ಬರುತ್ತದೆ.

ಇನ್ನು ನಿಮ್ಮ ಅಪ್ಪನ ಮಾತು. ಅವರನ್ನು ಹಳೇ ಕಾಲದವರು ಅಂತ ತಳ್ಳಿಹಾಕಬೇಡಿ. 60,000 ಮಿತಿ ಅಂದರೆ ಬ್ಯಾಂಕು ನಿಮಗೆ ಅಷ್ಟು ಕೊಟ್ಟಿದೆ ಅಂತ ಅರ್ಥ ಅಲ್ಲ, ಅಷ್ಟರವರೆಗೆ ಸಾಲ ಮಾಡಲು ಬಿಡುತ್ತದೆ ಅಂತ. ಖಾತೆಯಲ್ಲಿ ಇವತ್ತು ಹಣ ಇಲ್ಲದೇ ಕೊಳ್ಳಲಾಗದ ವಸ್ತುವನ್ನು ಕಾರ್ಡಿನಲ್ಲೂ ಕೊಳ್ಳಬೇಡಿ. ಈ ಒಂದು ಮಾತು ಪಾಲಿಸಿದರೆ ಅಪ್ಪನಿಗೂ ಸಮಾಧಾನ, ಕಾರ್ಡೂ ಉಳಿಯುತ್ತದೆ. ಇನ್ನೂ ಧೈರ್ಯ ಸಾಲದಿದ್ದರೆ ಮಿತಿಯನ್ನು 20,000ಕ್ಕೆ ಇಳಿಸಿ ಅಂತ ಬ್ಯಾಂಕಿಗೆ ಕೇಳಿ. ಇಳಿಸಿಕೊಡುತ್ತಾರೆ. ಏರಿಸಲು ಅವರೇ ಹಿಂದೆ ಬೀಳುವುದರಿಂದ ಇಳಿಸಬಹುದು ಅನ್ನುವುದೇ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ.

ಮೊದಲ ತಿಂಗಳು ಒಂದೋ ಎರಡೋ ಖರ್ಚನ್ನು ಮಾತ್ರ ಕಾರ್ಡಿಗೆ ಹಾಕಿ. ಹೇಗೂ ಕಟ್ಟಲೇಬೇಕಾದ ಫೋನ್ ಬಿಲ್ ಒಳ್ಳೇದು. ಆಮೇಲೆ ಸ್ಟೇಟ್‌ಮೆಂಟ್, ಅಂದರೆ ಆ ತಿಂಗಳ ಬಿಲ್, ಬಂದಾಗ ಕೂತು ಓದಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಮೂರು ವಿಷಯ ಇರುತ್ತವೆ: ಒಟ್ಟು ಬಾಕಿ, ಕನಿಷ್ಠ ಪಾವತಿ, ಕೊನೇ ದಿನ. ಕೆಳಗೆ ನಿಮ್ಮ ಖರ್ಚಿನ ಪಟ್ಟಿ. ಕೆಲವು ಬ್ಯಾಂಕುಗಳ ಪಟ್ಟಿಯಲ್ಲಿ ಪ್ರತಿ ಖರ್ಚಿನ ಎದುರು ಎರಡು ತಾರೀಕು ಕಾಣುತ್ತವೆ. ಒಂದು ನೀವು ಕೊಂಡ ದಿನ, ಇನ್ನೊಂದು ಬ್ಯಾಂಕಿನ ಲೆಕ್ಕಕ್ಕೆ ಸೇರಿದ ದಿನ. 9ಕ್ಕೆ ಕೊಂಡದ್ದು ಕೆಲವೊಮ್ಮೆ 11ಕ್ಕೆ ಸೇರಿ ಮುಂದಿನ ಬಿಲ್ಲಿಗೆ ಹೋಗುವುದು ಇದರಿಂದಲೇ. ಅಂಗಡಿಯ ಹೆಸರು ಬೇರೆ ಏನೋ ಇದ್ದರೆ ಗಾಬರಿ ಬೇಡ. ಬೋರ್ಡಿನ ಮೇಲಿನ ಹೆಸರು ಒಂದು, ಅವರ ಕಂಪನಿ ನೋಂದಣಿಯಾದ ಹೆಸರು ಇನ್ನೊಂದು ಇರಬಹುದು. ತಾರೀಕು, ಮೊತ್ತ ತಾಳೆ ನೋಡಿ.

ಕೊನೇದಾಗಿ ಆಟೊ ಪೇ, ಅಂದರೆ ಬಿಲ್ಲಿನ ಹಣ ಖಾತೆಯಿಂದ ತಾನಾಗೇ ಕಡಿತವಾಗುವ ವ್ಯವಸ್ಥೆ. ಖಂಡಿತ ಹಾಕಿಸಿ. ಆದರೆ ಫಾರ್ಮಿನಲ್ಲಿ ‘ಒಟ್ಟು ಬಾಕಿ’ ಮತ್ತು ‘ಕನಿಷ್ಠ ಪಾವತಿ’ ಅಂತ ಎರಡು ಆಯ್ಕೆ ಇರುತ್ತವೆ. ಕಣ್ಣರಳಿಸಿ ನೋಡಿ ‘ಒಟ್ಟು ಬಾಕಿ’ಗೆ ಗುರುತು ಹಾಕಿ. ಮುಂದಿನ ಪತ್ರ ಓದಿದರೆ ಯಾಕೆ ಅಂತ ತಿಳಿಯುತ್ತದೆ.

ಪ್ರಶ್ನೆ: ಪ್ರತಿ ತಿಂಗಳು ಬಿಲ್ಲಿನಲ್ಲಿ ಬರೆದಿರುವ ಕನಿಷ್ಠ ಮೊತ್ತವನ್ನು ತಪ್ಪದೇ ಕಟ್ಟುತ್ತಿದ್ದೇನೆ. ಒಂದು ತಿಂಗಳೂ ತಡ ಮಾಡಿಲ್ಲ. ಹೊಸದಾಗಿ ಏನೂ ಕೊಂಡಿಲ್ಲ. ಆದರೂ ಬಾಕಿ ಇಳಿಯುತ್ತಲೇ ಇಲ್ಲ. ಬ್ಯಾಂಕಿನವರು ಲೆಕ್ಕ ತಪ್ಪಿದ್ದಾರಾ?

ಉತ್ತರ: ಲೆಕ್ಕ ತಪ್ಪಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು, ಸರಿ ಮಾಡಿಸಬಹುದಿತ್ತು.

ಕನಿಷ್ಠ ಪಾವತಿ ಅಂದರೆ ದಂಡ ಬೀಳದ ಹಾಗೆ, ‘ಸುಸ್ತಿದಾರರು’ ಅನ್ನುವ ಪಟ್ಟಿಗೆ ಹೆಸರು ಸೇರದ ಹಾಗೆ ಕಟ್ಟುವ ಮೊತ್ತ ಅಷ್ಟೇ. ಉಳಿದದ್ದಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ. ನಿಮ್ಮ ಬಾಕಿ ಎಷ್ಟು ಅಂತ ಬರೆದಿಲ್ಲ. 20,000 ಅಂತ ಇಟ್ಟುಕೊಳ್ಳೋಣ. ಬಡ್ಡಿ ತಿಂಗಳಿಗೆ ನೂರಕ್ಕೆ 3, ಕನಿಷ್ಠ ಪಾವತಿ ಬಾಕಿಯ ನೂರಕ್ಕೆ 5. ಮೊದಲ ತಿಂಗಳು ನೀವು 1,000 ಕಟ್ಟುತ್ತೀರಿ. ಉಳಿದ 19,000ಕ್ಕೆ 570 ಬಡ್ಡಿ ಬಿತ್ತು. ಬಾಕಿ 19,570. ಅಂದರೆ ಸಾವಿರ ಕಟ್ಟಿದರೂ ಸಾಲದಲ್ಲಿ ಇಳಿದದ್ದು ಬರೀ 430. ಮುಂದಿನ ತಿಂಗಳು ಕನಿಷ್ಠ ಮೊತ್ತವೂ ಸ್ವಲ್ಪ ಕಮ್ಮಿಯಾಗುತ್ತದೆ, ನಿಮಗೆ ಹಗುರ ಅನಿಸುತ್ತದೆ, ಸಾಲ ಇನ್ನೂ ನಿಧಾನವಾಗಿ ಇಳಿಯುತ್ತದೆ. ಹೀಗೇ ಒಂದು ವರ್ಷ ನಡೆಸಿದರೆ ನೀವು ಕಟ್ಟಿದ ಒಟ್ಟು ಮೊತ್ತ ಹತ್ತಿರ ಹತ್ತಿರ 10,680. ಆಗಲೂ ತಲೆಯ ಮೇಲೆ ಉಳಿದಿರುವ ಬಾಕಿ 15,400ರ ಆಸುಪಾಸು. ಆರು ಸಾವಿರಕ್ಕೂ ಮೇಲೆ ಬಡ್ಡಿಗೇ ಹೋಯಿತು. ಇದರ ಮೇಲೆ ತೆರಿಗೆ, ಶುಲ್ಕ ಏನಾದರೂ ಇದ್ದರೆ ಅದು ಬೇರೆ.

ಬ್ಯಾಂಕುಗಳು ತಿಂಗಳ ಬಡ್ಡಿಯನ್ನು ಹೇಳುವುದರಿಂದ 3 ಅನ್ನುವುದು ಕಿವಿಗೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ 36 ಆಯಿತು ಅಲ್ವಾ? ಬಡ್ಡಿಗೆ ಬಡ್ಡಿ ಸೇರಿಸಿದರೆ 42 ದಾಟುತ್ತದೆ. ಸ್ಟೇಟ್‌ಮೆಂಟಿನ ಕೊನೇ ಪುಟದ ಸಣ್ಣ ಅಕ್ಷರಗಳಲ್ಲಿ ವಾರ್ಷಿಕ ದರ ಬರೆದಿರುತ್ತಾರೆ, ಒಮ್ಮೆ ಹುಡುಕಿ ಓದಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಕೌಂಟರಿನಲ್ಲಿ ಅತಿ ಹೆಚ್ಚು ಜಗಳ ಆಗುತ್ತಿದ್ದದ್ದು ಇದಕ್ಕೇ. 20,000ದ ಬಿಲ್ಲಿಗೆ 19,000 ಕಟ್ಟಿದವರು ‘ಬರೀ ಸಾವಿರ ಉಳಿಸಿದ್ದೆ, ಇಷ್ಟು ಬಡ್ಡಿ ಹೇಗೆ ಬಂತು’ ಅಂತ ಸಿಟ್ಟಾಗಿ ಬರುತ್ತಿದ್ದರು. ಹೆಚ್ಚಿನ ಬ್ಯಾಂಕುಗಳು ಉಳಿದ ಸಾವಿರಕ್ಕೆ ಮಾತ್ರ ಬಡ್ಡಿ ಹಾಕುವುದಿಲ್ಲ. ಆ 19,000ಕ್ಕೂ, ಕೊಂಡ ದಿನದಿಂದ ನೀವು ಕಟ್ಟಿದ ದಿನದವರೆಗೆ ಹಾಕುತ್ತವೆ. ಜೊತೆಗೆ ಹೊಸದಾಗಿ ಏನು ಕೊಂಡರೂ ಅದಕ್ಕೆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ, ಹಳೇ ಬಾಕಿ ಪೂರ್ತಿ ತೀರುವವರೆಗೆ. ನಿಯಮ ಬರೆದೇ ಇರುತ್ತದೆ, ನಿಜ. ಆದರೂ ಇದನ್ನು ದಪ್ಪ ಅಕ್ಷರದಲ್ಲಿ ಮೊದಲ ಪುಟದಲ್ಲೇ ಹಾಕಬೇಕಿತ್ತು ಅಂತ ನನಗೆ ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ.

ನಿಮಗೆ ನನ್ನ ಸಲಹೆ: ಆ ಕಾರ್ಡಿನಲ್ಲಿ ಹೊಸ ಖರೀದಿ ಮುಂದೆಯೂ ಬೇಡ. ಬ್ಯಾಂಕಿಗೆ ಫೋನ್ ಮಾಡಿ ಇಡೀ ಬಾಕಿಯನ್ನು ಕಂತುಗಳಿಗೆ ಬದಲಾಯಿಸಲು ಕೇಳಿ, ಆ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಬಡ್ಡಿಗಿಂತ ಕಮ್ಮಿ ಇರುತ್ತದೆ. ಶುಲ್ಕ ಎಷ್ಟು ಅಂತಲೂ ಕೇಳಿಕೊಳ್ಳಿ. ಉಳಿತಾಯದ ಹಣ ಮೂಲೆಯಲ್ಲಿ ಬಿದ್ದಿದ್ದರೆ ಮೊದಲು ಅದನ್ನು ತೆಗೆದು ಕಟ್ಟಿ. ಅಲ್ಲಿ ಸಿಗುವ ಬಡ್ಡಿ ಇಲ್ಲಿ ಹೋಗುವ ಬಡ್ಡಿಯ ಹತ್ತಿರಕ್ಕೂ ಬರುವುದಿಲ್ಲ.

ಪ್ರಶ್ನೆ: ತುರ್ತಿಗೆ ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆಯಬಹುದೇ?

ಉತ್ತರ: ತೆಗೆಯಬಹುದು. ತೆಗೆದ ಕ್ಷಣಕ್ಕೆ ಶುಲ್ಕ, ಅದೇ ದಿನದಿಂದ ಬಡ್ಡಿ. ಪೂರ್ತಿ ಬಿಲ್ ಕಟ್ಟುವವರಿಗೂ ಇದರಲ್ಲಿ ವಿನಾಯಿತಿ ಇಲ್ಲ. ಪ್ರಾಣಕ್ಕೆ ಬಂದಾಗ ಮಾತ್ರ.

ಪ್ರಶ್ನೆ: ಕಾರ್ಡ್ ಬಂದ ವಾರವೇ ಒಬ್ಬರು ಫೋನ್ ಮಾಡಿ ‘ಕಾರ್ಡ್ ಚಾಲೂ ಮಾಡಿಕೊಡುತ್ತೇವೆ’ ಅಂದರು. ನನ್ನ ಹೆಸರು ಗೊತ್ತಿತ್ತು. ಕಾರ್ಡಿನ ಮೊದಲ ಆರು ಅಂಕಿಗಳನ್ನೂ ಅವರೇ ಹೇಳಿದರು! ಹಾಗಾಗಿ ಬ್ಯಾಂಕಿನವರೇ ಇರಬೇಕು ಅಂದುಕೊಂಡೆ. ಒಟಿಪಿ ಕೇಳಿದಾಗ ಅನುಮಾನ ಬಂದು ಇಟ್ಟುಬಿಟ್ಟೆ. ಸರಿ ಮಾಡಿದೆನಾ?

ಉತ್ತರ: ನೂರಕ್ಕೆ ನೂರು ಸರಿ. ಆ ಆರು ಅಂಕಿಯ ಗುಟ್ಟು ಹೇಳುತ್ತೇನೆ. ಕಾರ್ಡಿನ ಮೊದಲ ಅಂಕಿ ಅದು ಯಾವ ಜಾಲದ್ದು, ಅಂದರೆ ಅಂಗಡಿಗೂ ಬ್ಯಾಂಕಿಗೂ ನಡುವೆ ವ್ಯವಹಾರ ಸಾಗಿಸುವ ಕಂಪನಿ ಯಾವುದು ಅಂತ ತೋರಿಸುತ್ತದೆ. 4ರಿಂದ ಶುರುವಾದರೆ ವೀಸಾ. ಮಾಸ್ಟರ್‌ಕಾರ್ಡ್ ನಂಬರುಗಳು 5ರಿಂದಲೋ 2ರಿಂದಲೋ ಶುರುವಾಗುತ್ತವೆ. ಮೊದಲ ಆರು ಅಥವಾ ಎಂಟು ಅಂಕಿ ಸೇರಿದರೆ ಯಾವ ಬ್ಯಾಂಕು, ಯಾವ ಬಗೆಯ ಕಾರ್ಡ್ ಅನ್ನುವುದು. ಅಂದರೆ ನಿಮ್ಮ ಬ್ಯಾಂಕಿನ ಅದೇ ಬಗೆಯ ಕಾರ್ಡ್ ಇರುವ ಸಾವಿರಾರು ಜನರಿಗೂ ಅವೇ ಅಂಕಿಗಳು. ನಿಮ್ಮ ಬ್ಯಾಂಕ್ ಯಾವುದು ಅಂತ ತಿಳಿದರೆ ಸಾಕು, ಯಾರು ಬೇಕಾದರೂ ಹೇಳಬಹುದು. ಕೇಳಿದವರಿಗೆ ಮಾತ್ರ ‘ಅಬ್ಬಾ, ನನ್ನ ನಂಬರ್ ಗೊತ್ತಿದೆ’ ಅನಿಸಿಬಿಡುತ್ತದೆ.

ಹೊಸ ಕಾರ್ಡಿನವರಿಗೆ ಇಂಥ ಕರೆ ಜಾಸ್ತಿ. ಬ್ಯಾಂಕಿನಿಂದ ನಿಜವಾದ ಕರೆಗಳೂ ಅದೇ ವಾರ ಬರುವುದರಿಂದ ಗೊಂದಲ ಸಹಜ. ಕರೆ ನಿಜವೋ ಸುಳ್ಳೋ ಅಂತ ತಲೆಕೆಡಿಸಿಕೊಳ್ಳಬೇಡಿ. ‘ಆಯ್ತು, ನಾನೇ ಮಾಡ್ತೀನಿ’ ಅಂತ ಇಟ್ಟುಬಿಡಿ. ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಫೋನ್ ಮಾಡಿ. ಒಟಿಪಿ, ಪಿನ್, ಸಿವಿವಿ (ಕಾರ್ಡಿನ ಮೇಲೆ ಅಚ್ಚಾಗಿರುವ ಗುಟ್ಟಿನ ಅಂಕಿ) ಈ ಮೂರನ್ನು ಬ್ಯಾಂಕಿನ ಮ್ಯಾನೇಜರ್ ಎದುರಿಗೇ ಕೂತು ಕೇಳಿದರೂ ಹೇಳುವ ಹಾಗಿಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ಹೊಸ ಕಾರ್ಡಿನ ನಂಬರ್ ಹಾಕಿದ ತಕ್ಷಣ ‘ನಂಬರ್ ತಪ್ಪು’ ಅಂತ ಕೆಂಪು ಅಕ್ಷರ ಬರುತ್ತದೆ. ಇನ್ನೂ ‘ಪಾವತಿಸಿ’ ಒತ್ತಿರುವುದೇ ಇಲ್ಲ. ಕಾರ್ಡೇ ಸರಿ ಇಲ್ಲವೇ?

ಉತ್ತರ: ಒತ್ತುವ ಮುಂಚೆಯೇ ಬಂದರೆ ಹೆಚ್ಚಾಗಿ ನೀವು ಒಂದು ಅಂಕಿ ತಪ್ಪು ಒತ್ತಿದ್ದೀರಿ. ಕಾರ್ಡ್ ಚಾಲೂ ಆಗದಿದ್ದರೆ ಅಥವಾ ಆನ್‌ಲೈನ್ ಬಂದ್ ಆಗಿದ್ದರೆ ‘ಪಾವತಿಸಿ’ ಒತ್ತಿದ ಮೇಲೆ, ಬ್ಯಾಂಕಿನಿಂದ ತಿರಸ್ಕಾರ ಬರುತ್ತದೆ.

ಬ್ಯಾಂಕನ್ನು ಕೇಳದೆಯೇ ತಪ್ಪು ಹೇಗೆ ಗೊತ್ತಾಯಿತು ಅನ್ನುವ ಕುತೂಹಲ ಇದ್ದರೆ ಓದಿ. ಕಾರ್ಡಿನ ಕೊನೇ ಅಂಕಿ ಬರೀ ಕಾವಲಿಗೆ ಇರುವಂಥದ್ದು. ಐಬಿಎಂನ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಬಲಗಡೆಯಿಂದ ಎರಡನೇದು, ನಾಲ್ಕನೇದು, ಆರನೇದು ಹೀಗೆ ಒಂದು ಬಿಟ್ಟು ಒಂದು ಅಂಕಿಯನ್ನು ದುಪ್ಪಟ್ಟು ಮಾಡಿ. ಎರಡಂಕಿ ಬಂದರೆ ಅವೆರಡನ್ನೂ ಕೂಡಿ ಒಂದಂಕಿ ಮಾಡಿ. ಉಳಿದ ಅಂಕಿಗಳನ್ನು ಹಾಗೇ ಬಿಟ್ಟು ಎಲ್ಲವನ್ನೂ ಕೂಡಿದರೆ ಮೊತ್ತ ಹತ್ತರಿಂದ ಭಾಗವಾಗಬೇಕು. ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ರಜೆ ದಿನ ನಿಮ್ಮ ಕಾರ್ಡ್ ಹಿಡಿದು ಕೂತು ನೋಡಿ, ಮಜವಾಗಿರುತ್ತದೆ. ಹಾಳೆಯನ್ನು ಮಾತ್ರ ಆಮೇಲೆ ಹರಿದುಹಾಕಿ.

ಪ್ರಶ್ನೆ: ಒಂದು ವಸ್ತು ಕೊಂಡು ವಾಪಸ್ ಮಾಡಿದೆ. ಹಣ ಕಾರ್ಡಿಗೆ ಜಮೆ ಆಗಿದೆ. ಆದರೂ ಬಿಲ್ಲಿನಲ್ಲಿ ಅದೇ ಹಳೇ ಮೊತ್ತ ಇದೆ. ಕಟ್ಟಬೇಕಾ?

ಉತ್ತರ: ಬಿಲ್ ತಯಾರಾದ ಮೇಲೆ ಜಮೆ ಆಗಿದ್ದರೆ ಅದು ಮುಂದಿನ ಬಿಲ್ಲಿನಲ್ಲೇ ಕಾಣುವುದು. ವಾಪಸ್ ಬಂದ ಹಣವನ್ನು ಬ್ಯಾಂಕು ನೀವು ಕಟ್ಟಿದ ಹಣ ಅಂತ ಲೆಕ್ಕ ಹಿಡಿಯದೇ ಇರಬಹುದು. ಅದನ್ನು ನಂಬಿ ಸುಮ್ನೆ ಕೂತರೆ ತಡಪಾವತಿ ದಂಡ ಬೀಳಬಹುದು. ಬ್ಯಾಂಕನ್ನು ಕೇಳಿ ಖಾತ್ರಿ ಮಾಡಿಕೊಳ್ಳುವಷ್ಟು ಪುರುಸೊತ್ತು ಇಲ್ಲದಿದ್ದರೆ ಈ ಬಿಲ್ ಪೂರ್ತಿ ಕಟ್ಟಿಬಿಡಿ. ಹೆಚ್ಚಾದದ್ದು ನಿಮ್ಮ ಹೆಸರಿನಲ್ಲೇ ಜಮೆ ಇರುತ್ತದೆ, ಮುಂದಿನ ಖರ್ಚಿಗೆ ವಜಾ ಆಗುತ್ತದೆ.

ಪ್ರಶ್ನೆ: ವಿದೇಶಕ್ಕೆ ಹೋಗಿದ್ದಾಗ ಹೋಟೆಲಿನ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕೊಡ್ತೀರಾ, ಇಲ್ಲಿನ ಹಣದಲ್ಲಾ’ ಅಂತ ಕೇಳಿತು. ಯಾವುದು ಒಳ್ಳೇದು?

ಉತ್ತರ: ಅಲ್ಲಿನ ಹಣ. ನಮ್ಮ ಹಣದಲ್ಲಿ ಮೊತ್ತ ಕಂಡರೆ ಮನಸ್ಸಿಗೆ ಹಾಯಾಗುತ್ತದೆ, ಆದರೆ ಆಗ ವಿನಿಮಯದ ದರ ಇಡುವುದು ಆ ಯಂತ್ರದವರು. ಅವರ ಲಾಭ ಅದರಲ್ಲೇ ಸೇರಿರುತ್ತದೆ. ಅಲ್ಲಿನ ಹಣ ಆರಿಸಿದರೆ ಕಾರ್ಡ್ ಜಾಲದ ದರ ಬೀಳುತ್ತದೆ. ಹೆಚ್ಚಿನ ಸಲ ಅದೇ ಅಗ್ಗ. ನಿಮ್ಮ ಬ್ಯಾಂಕಿನ ವಿದೇಶಿ ಶುಲ್ಕ ಬೇರೆ ಇರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಕಾರ್ಡನ್ನು ಉಜ್ಜಲು ಕೊಡಬೇಡಿ, ಚಿಪ್ ತೂರಿಸಿ ಅಥವಾ ತಾಗಿಸಿ. ಕಾರ್ಡಿನ ಹಿಂಬದಿಯ ಕಪ್ಪು ಪಟ್ಟೆಯಲ್ಲಿರುವ ಮಾಹಿತಿ ಯಾವಾಗಲೂ ಒಂದೇ, ನಕಲು ಮಾಡುವುದು ಸುಲಭ. ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ತಯಾರಿಸುತ್ತದೆ.

ಪ್ರಶ್ನೆ: ನಾನು ಕೇಳಿಯೇ ಇರಲಿಲ್ಲ, ಕಾರ್ಡ್ ಬಂದಿತ್ತು. ಡ್ರಾಯರಿನಲ್ಲಿ ಹಾಕಿ ಮರೆತೆ. ಈಗ ಬಿಲ್ ಬಂದಿದೆ! ಒಂದು ಪೈಸೆ ಬಳಸಿಲ್ಲ.

ಉತ್ತರ: ವಾರ್ಷಿಕ ಶುಲ್ಕ ಇರಬೇಕು. ಅದನ್ನು ಕಟ್ಟದೆ ಬಿಟ್ಟರೆ ದಂಡ ಸೇರಿ ಸಣ್ಣ ಮೊತ್ತವೇ ಬೆಳೆಯುತ್ತದೆ, ಕ್ರೆಡಿಟ್ ಸ್ಕೋರ್ (ನೀವು ಸಾಲ ತೀರಿಸುವ ರೀತಿ ನೋಡಿ ಕೊಡುವ ಅಂಕ) ಬೇರೆ ಕೆಡುತ್ತದೆ. ನೀವು ಕೇಳಿಲ್ಲ, ಒಪ್ಪಿಲ್ಲ, ಚಾಲೂ ಮಾಡಿಲ್ಲ ಅಂತ ಇವತ್ತೇ ಇಮೇಲ್ ಬರೆದು, ಶುಲ್ಕ ರದ್ದು ಮಾಡಿ ಕಾರ್ಡ್ ಮುಚ್ಚಿ ಅಂತ ಕೇಳಿ. ಫೋನಿನಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಇರಲಿ. ಮುಚ್ಚಿದ್ದೇವೆ, ಬಾಕಿ ಸೊನ್ನೆ ಅನ್ನುವ ಉತ್ತರ ಬರುವವರೆಗೆ ಬಿಡಬೇಡಿ. ಕಾರ್ಡನ್ನು ಕತ್ತರಿಸಿದ ಮಾತ್ರಕ್ಕೆ ಖಾತೆ ಮುಚ್ಚಿದ ಹಾಗೆ ಆಗುವುದಿಲ್ಲ. ಮೊದಲ ಪತ್ರದ ಹುಡುಗನ ಅಪ್ಪನೂ ಇದನ್ನು ಓದಲಿ.

ಕೇಳದವರಿಗೆ ಕಾರ್ಡ್ ಹಂಚುವ ಚಾಳಿ ಈ ಉದ್ಯಮದಷ್ಟೇ ಹಳೇದು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯದ ಫ್ರೆಸ್ನೊ ಊರಿನಲ್ಲಿ ಸುಮಾರು 60,000 ಜನರಿಗೆ ಅವರು ಕೇಳದೆಯೇ ಅಂಚೆಯಲ್ಲಿ ಕಾರ್ಡ್ ಕಳಿಸಿತ್ತು. ಇವತ್ತಿನ ವೀಸಾ ಬೆಳೆದದ್ದು ಅಲ್ಲಿಂದಲೇ. ಇಂಥ ಕಾರ್ಡುಗಳಿಂದ ಕಳವು, ವಂಚನೆ, ತೀರದ ಸಾಲ ಎಲ್ಲ ಹೆಚ್ಚಿ, ಕೊನೆಗೆ 1970ರಲ್ಲಿ ಅಮೆರಿಕ ಸರ್ಕಾರ ಹೀಗೆ ಕಳಿಸುವುದನ್ನೇ ನಿಷೇಧಿಸಿತು.

ಪ್ರಶ್ನೆ: ಮಗಳು ಕಾಲೇಜಿಗೆ ಬೇರೆ ಊರಿಗೆ ಹೋಗುತ್ತಿದ್ದಾಳೆ. ನನ್ನ ಹೊಸ ಕಾರ್ಡಿನ ಮೇಲೆ ಅವಳ ಹೆಸರಿನಲ್ಲಿ ಇನ್ನೊಂದು ಕಾರ್ಡ್ ಕೊಡುತ್ತಾರಂತೆ. ಕೊಡಿಸಲೇ?

ಉತ್ತರ: ಕೊಡಿಸಿ. ಆದರೆ ಆ ಕಾರ್ಡಿನ ಮೇಲೆ ಅವಳ ಹೆಸರಿದ್ದರೂ ಸಾಲ ನಿಮ್ಮದು. ಬಿಲ್ ನಿಮಗೇ ಬರುತ್ತದೆ, ತಡವಾದರೆ ಕೆಡುವುದು ನಿಮ್ಮ ಸ್ಕೋರ್. ಮಿತಿಯೂ ಹೆಚ್ಚಾಗಿ ಇಬ್ಬರಿಗೂ ಸೇರಿ ಒಂದೇ, ಅವಳು ಬಳಸಿದಷ್ಟು ನಿಮಗೆ ಕಮ್ಮಿ. ಆಪ್‌ನಲ್ಲಿ ಅವಳ ಕಾರ್ಡಿಗೆ ಬೇರೆ ಮಿತಿ ಇಡಲು ಸಾಧ್ಯವಾದರೆ ಇಡಿ. ಅವಳ ಖರ್ಚಿನ ಮೆಸೇಜುಗಳು ನಿಮ್ಮ ಫೋನಿಗೂ ಬರಬಹುದು. ಅದನ್ನು ಅವಳಿಗೆ ಮೊದಲೇ ಹೇಳಿಬಿಡಿ, ಆಮೇಲೆ ಗೊತ್ತಾದರೆ ಬೇಜಾರು ಮಾಡಿಕೊಂಡಾಳು.